ಮೈಸೂರಿನ ಜಾವಾ ಮತ್ತು ಧಾರವಾಡದ ಒಳದಾರಿಗಳು

ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ಮೋಟಾರ್ ಸೈಕಲ್ಲೊಂದನ್ನು ಕುರಿತು ಲೇಖನ ಬರೆಯುವುದು ಉಚಿತವೇ ಎಂಬ ಶಂಕೆ ವಾಚಕರಲ್ಲಿ ಉಂಟಾಗುವುದು ಸ್ವಾಭಾವಿಕ. ಶಾಸನ, ನಾಣ್ಯ, ಬಖರು, ದಫ್ತರಗಳ ಸಾಲಿನಲ್ಲಿ ಎಣ್ಣೆ ಮೆತ್ತಿದ ಯಂತ್ರಕ್ಕೆ ಎಡೆ ಎಲ್ಲಿಯದು ಎಂದು ಹಿರಿಯ ಸಹೋದ್ಯೋಗಿಗಳೊಬ್ಬರು ನನ್ನನ್ನು ಕೇಳಿಯೂ ಆಗಿದೆ. ಅವರಿಗೆ ಆಗ ಸರಿಯಾದ ಉತ್ತರ ಕೊಡಲಾಗಲಿಲ್ಲ. ಪ್ರಸ್ತುತ ಲೇಖನವು ಆ ಉತ್ತರವನ್ನು ಕೂಡಿಸುವ ಪ್ರಯತ್ನ.

ನನ್ನಲ್ಲಿ ೧೯೬೮ರಲ್ಲಿ ಮೈಸೂರಿನಲ್ಲಿ ತಯಾರಾದ ಜಾವಾ ೨೫೦ ವಾಹನವೊಂದಿದೆ. ಅದನ್ನು ಕೇವಲ ಕೆಲಸಕ್ಕಾಗಿ ಕೊಂಡೆನೆಂದರೆ ಅರ್ಧ ಸುಳ್ಳಾದೀತು. ಕೇವಲ ಶೋಕಿಗಾಗಿ ಕೊಂಡೆನೆಂದರೆ ಇನ್ನರ್ಧ. ವೀರಗಲ್ಲು, ಮಾಸ್ತಿಕಲ್ಲುಗಳನ್ನು ನೋಡಿ ಬರೆದುಕೊಳ್ಳಲು ಹಳ್ಳಿಗಳನ್ನು ಸುತ್ತುವವನಿಗೆ, ಬಸ್ಸು ಮುಂಜಾನೆಗೊಂದು ಸಂಜೆಗೊಂದು ಬರುವ ಊರುಗಳಲ್ಲಿ, ಸ್ವಂತ ವಾಹನ ಅವಶ್ಯವೇ ಸರಿ. ಅದು ಇಷ್ಟು ಹಳೆಯದೇ ಆಗಬೇಕಾಗಿತ್ತೇ ಎಂಬುದು ಬೇರೆ ಮಾತು. ಈ ವಾಹನದಿಂದ ನನಗೆ ದೊರೆತ ಸುಖ ಅಲ್ಪವಲ್ಲ. ಆ ಸುಖವು ಎಲ್ಲಿಂದ ಬಂದಿತೆಂದು ಬಿಡಿಸಿ ನೋಡಹೋದಾಗ, ಅದರ ಒಂದೊಂದು ಎಳೆಯೂ ಒಂದೊಂದು ಚಾರಿತ್ರಿಕ ಸಂಗತಿಗೆ ಗಂಟುಬಿದ್ದಿರುವುದು ಕಂಡುಬಂದಿತು. ಅವುಗಳಲ್ಲಿ ಬಹುಭಾಗ ಕಾಗದದ ಮೇಲೆ ಇಲ್ಲವೆಂಬುದೂ ಕಂಡುಬಂದಿತು.

ಮೊದಲು ದಾರಿಗಳ ಮಾತು. ಧಾರವಾಡವು ನೀರು ಎರಡು ದಿಕ್ಕಿಗೆ ಇಳಿಯುವ ಏರಿನ ಮೇಲೆ ಕುಳಿತಿರುವ ಊರು. ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಸೇರಿ, ಗಂಗಾವಳಿಯಾಗಿ ಪಶ್ಚಿಮ ಸಮುದ್ರಕ್ಕೆ ಹೋಗುತ್ತದೆ. ಊರಿನ ಮೂಡಣ ಸೀಮೆಯ ಹಳ್ಳಗಳು ಮಲಪ್ರಭೆಯ ಮೂಲಕ ಕೃಷ್ಣೆಗೆ ಸಲ್ಲುತ್ತವೆ. ಪಡುವಣಕ್ಕೆ ಕೆಂಪು ಮಣ್ಣು, ಸಾಗವಾನಿ, ಬತ್ತ. ಮೂಡಣಕ್ಕೆ ಎರೆ ಭೂಮಿ, ಹತ್ತಿ, ಬಿಳಿಜೋಳ. ಶಾಸನಗಳು ಪಲಸಿಗೆ ಹನ್ನೆರಡು ಸಾಸಿರವೆಂದೂ ಬೆಳ್ವೊಲ ಮುನ್ನೂರೆಂದೂ ಕರೆದ ಎರಡು ನಾಡುಗಳು ಈ ಏರಿನ ಆಚೀಚೆಗೆ ಇವೆ. ಇಂಥ ಎರಡು ಸೀಮೆಗಳ ನಡುವೆ ಸರಕು ಸಾಗುವುದು ಅನಿವಾರ್ಯ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದವರೆಗೂ ಲಂಬಾಣಿಗರ ಹೇರೆತ್ತುಗಳು ಈ ಸಾಗಣೆಯ ದೊಡ್ಡ ಪಾಲನ್ನು ನಿರ್ವಹಿಸಿದವು. ಗಾಡಿ ಹೋಗುವಂಥ ದಾರಿಗಳು ಅಪರೂಪವಾಗಿದ್ದವು.

ಗಾಡಿಯ ದಾರಿಗಳನ್ನು ಹೆಚ್ಚಿಸಿದ್ದು ಹತ್ತಿ. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕೆಯ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ದೊರೆಯದಂತಾದಾಗ, ಧಾರವಾಡ ಜಿಲ್ಲೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಹುಬ್ಬಳ್ಳಿಯ ಪೇಟೆಯಿಂದ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗುವ ದಾರಿಯನ್ನು ಸುಧಾರಿಸಬೇಕೆಂಬ ಒತ್ತಾಯ ಎಷ್ಟಾಯಿತೆಂದರೆ, ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸ ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಜೋಡಿಸಿದ ನಿರ್ಧಾರದ ಹಿಂದೆ ಹತ್ತಿಯ ವರ್ತಕರ ಹಿತವೂ ಒಂದು ಕಾರಣವಾಗಿತ್ತು. ಆದರೆ ೧೮೮೮ರಲ್ಲಿ ಕ್ಯಾಸಲ್‌ರಾಕ್ ಮಾರ್ಗವಾಗಿ ಮುರಗಾಂವ ಬಂದರದವರೆಗೆ ಉಗಿಬಂಡಿ ಓಡತೊಡಗಿದ ಮೇಲೆ ಹತ್ತಿಯು ರೈಲು ಹತ್ತಿತು. ಕುಮಟೆಯ ವೈಭವ ಇಳಿಯಿತು. ಗಾಡಿದಾರಿಗಳ ಮಹತ್ತ್ವ ಕುಗ್ಗಿತು. ಇಂದು ನಾವು ಒಳದಾರಿಗಳೆಂದು ಕರೆಯುವುವುಗಳಲ್ಲಿ ಎಷ್ಟೋ ಒಂದು ಕಾಲದ ಮುಖ್ಯ ದಾರಿಗಳೇ. ಹುಣಿಸೆಯ ಸಾಲುಮರ, ಕಲ್ಲಿನ ಕಮಾನಿನ ಸಣ್ಣ ಸೇತುವೆ, ಎತ್ತುಗಳಿಗಾಗಿ ಕಟ್ಟಿದ ನೀರಿನ ಬಾನಿ ಇವು ಅಲ್ಲಲ್ಲಿ ಉಳಿದುಕೊಂಡಿವೆ. ಅವುಗಳನ್ನು ನೋಡಬೇಕಾದರೆ ನಿಧಾನವಾಗಿ ಹೋಗಬೇಕು. ಎತ್ತಿನ ನಡೆಗೆ ಹಾಕಿದ ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರಿನ ವೇಗವು ಯಾರಿಗೂ ಒಗ್ಗುವುದಿಲ್ಲ, ನಾಯಿಗಳಿಗಂತೂ ಅಲ್ಲವೇ ಅಲ್ಲ. ನಲವತ್ತರ ವೇಗ ಒಗ್ಗುತ್ತದೆ.

ಇನ್ನು ವಾಹನದ ಮಾತು. ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಯಾವ ಸಂಬಂಧವೂ ಇಲ್ಲ. ಪ್ರಾಗಿನಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ೧೯೨೯ರಲ್ಲಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯಿಂದ ಮೋಟಾರ್ ಸೈಕಲ್ಲಿನ ನಿರ್ಮಾಣದ ಹಕ್ಕನ್ನು ಪಡೆದಾಗ, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರದು. ಎರಡನೆಯ ಮಹಾಯುದ್ಧಾನಂತರ ಯುರೋಪಿನಲ್ಲೆಲ್ಲ ಹಗುರವಾದ, ಅಗ್ಗವಾದ, ಎರಡು ಹೊಡೆತದ ಎಂಜಿನ್ನಿನ ವಾಹನಗಳಿಗೆ ಬೇಡಿಕೆ ಬಂದಿತು. ಇಂಗ್ಲೆಂಡಿನ ಬಿಎಸ್ಎ ಬ್ಯಾಂಟಮ್ ಸೋತ ಜರ್ಮನಿಯ ಡಿಕೆಡಬ್ಲ್ಯು ವಾಹನದ ಪ್ರತಿಯಾಗಿ ಹುಟ್ಟಿದ್ದು ಇದೇ ಕಾಲದಲ್ಲಿ. ಆಗ ರಾಷ್ಟ್ರೀಕೃತವಾಗಿದ್ದ ಜಾವಾ ಕಾರಖಾನೆಯು ೧೯೫೪ರಲ್ಲಿ ಹೊರತಂದ ೩೫೩ ಎಂಬ ಮಾದರಿಯೇ ನಮ್ಮ ಮೈಸೂರಿನ ಜಾವಾಕ್ಕೆ ಮೂಲ.

ಅದು ಮೈಸೂರಿಗೆ ಬಂದ ಬಗೆ ಆ ಕಾಲದ ಆರ್ಥಿಕ ನೀತಿಯ ಒಳ್ಳೆಯ ನಿದರ್ಶನ. ಸ್ವಾತಂತ್ರ್ಯಾನಂತರದ ಮೊದಲ ದಶಕದಲ್ಲಿ ಸರಕಾರವು ಸಿದ್ಧ ವಾಹನಗಳ ಆಮದನ್ನು ಬಿಗಿಗೊಳಿಸಿ, ಬೇಕಾದರೆ ಇಲ್ಲಿಯೇ ತಯಾರಿಸಿರಿ ಎಂಬ ಧೋರಣೆಯನ್ನು ತಳೆಯಿತು. ಮದರಾಸಿನಲ್ಲಿ ೧೯೫೫ರಲ್ಲಿ ಎನ್‌ಫೀಲ್ಡ್ ಬಂದಿತು. ೧೯೬೦ರಲ್ಲಿ ರುಸ್ತುಮ್ ಮತ್ತು ಫಾರೂಕ್ ಇರಾನಿ ಎಂಬ ಪಾರಸೀ ಉದ್ಯಮಿಗಳು ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿದರು. ಮೈಸೂರಿನ ಯಾದವಗಿರಿಯ ಕಾರಖಾನೆಯನ್ನು ೧೯೬೧ರಲ್ಲಿ ಅಂದಿನ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಧಾರವಾಡದವರಾದ ನಮಗೆ ಇಲ್ಲೊಂದು ವಿಶೇಷವಿದೆ. ೧೯೫೬ರ ನವೆಂಬರ್ ೧ಕ್ಕೆ ಮುಂಬಯಿ ರಾಜ್ಯದಿಂದ ಬಿಡುಗಡೆ ಹೊಂದಿ ವಿಶಾಲ ಮೈಸೂರನ್ನು ಸೇರಿದ ಜಿಲ್ಲೆ ನಮ್ಮದು. ಬೆಂಗಳೂರು, ಮೈಸೂರುಗಳು ಆಗ ನಮ್ಮ ಹಳ್ಳಿಗರಿಗೆ ಮುಂಬಯಿ, ಪುಣೆಗಳಿಗಿಂತ ದೂರದ ಊರುಗಳು. ಏಕೀಕರಣವಾದ ಐದಾರು ವರ್ಷಗಳಲ್ಲಿಯೇ ಮೈಸೂರೆಂಬ ಹೆಸರು ಹೊತ್ತ ಫಟಫಟಿಯೊಂದು ಈ ಭಾಗದ ಹಳ್ಳಿಗಳಿಗೆ ಬರಹತ್ತಿದ್ದನ್ನು ಏಕೀಕರಣದ ಇತಿಹಾಸಕಾರರು ಗಮನಿಸಿಲ್ಲವೆಂದು ನಾನು ದೂರುವುದಿಲ್ಲ. ಅವರಿಗೆ ಇದಕ್ಕಿಂತ ದೊಡ್ಡ ಕೆಲಸಗಳಿದ್ದವು.

ಈ ವಾಹನವು ಒಳದಾರಿಗೆ ಹೇಗೆ ಒಪ್ಪುತ್ತದೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸುಖದ ಮೂಲ ಅಲ್ಲಿಯೇ ಇದೆ. ಎಂಜಿನ್ನಿಗೆ ಒಂದೇ ಸಿಲಿಂಡರು. ಅದರ ವ್ಯಾಸ ೬೫ ಮಿಲಿಮೀಟರು, ಪಿಸ್ಟನ್ನಿನ ಓಟ ೭೫ ಮಿಲಿಮೀಟರು. ಅಂದರೆ ಸುಮಾರು ೨೪೯ ಘನ ಸೆಂಟಿಮೀಟರು. ಶಕ್ತಿ ಹನ್ನೆರಡು ಕುದುರೆಗಳಷ್ಟು. ಇಂದಿನ ಲೆಕ್ಕದಲ್ಲಿ ಇದು ಅತ್ಯಲ್ಪ. ಆದರೆ ಓಟವು ವ್ಯಾಸಕ್ಕಿಂತ ಉದ್ದವಾಗಿರುವುದರಿಂದ ಎಂಜಿನ್ನು ನಿಧಾನವಾಗಿ ತಿರುಗುವಾಗಲೂ ಎಳೆತ ಕುಂದುವುದಿಲ್ಲ. ಎಮ್ಮೆಯ ಹಿಂಡಿನ ಹಿಂದೆ ಅರ್ಧ ಮೈಲು ಹೋಗಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಗೇರು ಬದಲಿಸಲು ಕಾಲಿನ ಲಿವರನ್ನು ಒತ್ತಿದೊಡನೆ ಕ್ಲಚ್ಚು ತಾನಾಗಿ ಬಿಡುವಂಥ ಏರ್ಪಾಡಿದೆ. ಎಡಗೈ ಸೋತಾಗ ಇದು ದೊಡ್ಡ ಉಪಕಾರ. ಆ ಲಿವರನ್ನೇ ಒಳಕ್ಕೊತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕಾಗುತ್ತದೆ. ಒಂದೇ ಸಲಕರಣೆಯಿಂದ ಎರಡು ಕೆಲಸ ತೆಗೆಯುವ ಈ ಜಾಣತನವು ಯುದ್ಧಾನಂತರದ ಯುರೋಪಿನ ಬಡತನದ ಜಾಣತನ. ನಮ್ಮ ಕಮ್ಮಾರ ಬಡಿಗರಿಗೆ ಅದು ಪರಕೀಯವೆನ್ನಿಸಿರಲಾರದು.

ಎಲ್ಲಕ್ಕಿಂತ ಮುಖ್ಯವಾದುದು ಚೈನಿನ ಪೆಟ್ಟಿಗೆ. ಹಿಂದಿನ ಗಾಲಿಗೆ ಹೋಗುವ ಚೈನು ಆದ್ಯಂತವಾಗಿ ತಗಡಿನಿಂದ ಮುಚ್ಚಿದೆ. ಬೇಸಗೆಯಲ್ಲಿ ಹೆಬ್ಬಳ್ಳಿಯಾಚೆ ಮೊರಬದ ಕಡೆಗೆ ಹೊಲದ ದಾರಿಯಲ್ಲಿ ಹೋದವರಿಗೆ ಎರೆ ಮಣ್ಣಿನ ಧೂಳು ಎಂಥದೆಂಬುದು ಗೊತ್ತು. ಅದು ಹಿಟ್ಟಿನಷ್ಟು ನುಣ್ಣಗಿದ್ದು ಎಣ್ಣೆ ಕಂಡಲ್ಲಿ ಅಂಟಿ ಅರದಂತೆ ತೇಯುತ್ತದೆ. ತೆರೆದ ಚೈನು ಅಲ್ಲಿ ಬಹಳ ಕಾಲ ಬಾಳದು. ಚೆಕ್ ದೇಶದ ಕೆಸರಿಗಾಗಿ ಮಾಡಿದ ರಕ್ಷಣೆ ಬೆಳ್ವೊಲದ ಧೂಳಿಗೆ ಆಗಿಬಂದಿತು.

ಹಾಗೆಂದು ಎಲ್ಲವೂ ಆಗಿಬಂದಿತೆಂದಲ್ಲ. ಅದೇ ದಾರಿಯಲ್ಲಿ ಒಂದು ಜುಲೈ ತಿಂಗಳಲ್ಲಿ, ಮಳೆ ನಿಂತು ಒಂದು ತಾಸಾಗಿದೆಯೆಂಬ ಧೈರ್ಯದಿಂದ ಹೊರಟು, ಎರಡು ಫರ್ಲಾಂಗು ಹೋಗುವುದರೊಳಗೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರೆ ಮಣ್ಣು ಗಟ್ಟಿಯಾಗಿ ತುಂಬಿ, ಗಾಲಿ ತಿರುಗುವುದೇ ನಿಂತುಹೋಯಿತು. ಆಳವಾದ ಆ ಮಡ್‌ಗಾರ್ಡು ಜಾವಾದ ಅಂದಗಳಲ್ಲೊಂದು. ಅಂದು ಅದೇ ವೈರಿಯಾಯಿತು. ಹೊಲದಲ್ಲಿದ್ದ ಅಜ್ಜನೊಬ್ಬನು ಬಂದು, ಏನೂ ಮಾತಾಡದೆ, ಕುಂಟೆಗೆ ಅಂಟಿದ ಮಣ್ಣು ತೆಗೆಯುವ ಸಣ್ಣ ಕೋಲನ್ನು ನನ್ನ ಕೈಗೆ ಕೊಟ್ಟು ಹೋದನು. ಮುಂಗಾಲಿ, ಹಿಂಗಾಲಿ ಎರಡನ್ನೂ ಕೆರೆದು, ವಾಹನವನ್ನು ನೂಕಿಕೊಂಡು ಡಾಂಬರು ಮುಟ್ಟುವಾಗ ಕತ್ತಲಾಗಿತ್ತು. ಆ ಕೋಲು ಈಗಲೂ ನನ್ನಲ್ಲಿದೆ. ಮಳೆಗಾಲದಲ್ಲಿ ಎರೆ ಸೀಮೆಯ ಊರುಗಳು ಒಂದಕ್ಕೊಂದು ಎಷ್ಟು ದೂರವಾಗುತ್ತಿದ್ದುವೆಂಬುದು, ದಂಡಯಾತ್ರೆಗಳು ವಿಜಯದಶಮಿಯಿಂದಲೇ ಏಕೆ ಆರಂಭವಾಗುತ್ತಿದ್ದುವೆಂಬುದು, ಅಂದಿನಷ್ಟು ಸ್ಪಷ್ಟವಾಗಿ ನನಗೆ ಯಾವ ಗ್ರಂಥದಿಂದಲೂ ತಿಳಿದಿರಲಿಲ್ಲ.

ಪಡುವಣ ದಿಕ್ಕಿನ ಪ್ರಯಾಣ ಬೇರೆ ತೆರನಾದುದು. ಕಲಘಟಗಿಯನ್ನು ದಾಟಿ, ದೇವಿಕೊಪ್ಪದ ಸಾಗವಾನಿಯ ನೆರಳನ್ನು ಸವರಿಕೊಂಡು ತಂಬೂರಿನ ಬಸವಣ್ಣನ ಗುಡಿಗೆ ಹೋಗುವ ದಾರಿಯಲ್ಲಿ ಏರಿಳಿವುಗಳಿವೆ. ಏರಿಗೆ ಎಂಜಿನ್ನಿನ ದನಿ ತುಸು ದಪ್ಪಗಾಗುತ್ತದೆ. ಕಣ್ಣಿಗೆ ಕಾಣದ ಏರನ್ನೂ ಕಿವಿ ಹೇಳುತ್ತದೆ. ನೀರು ಎತ್ತ ಇಳಿಯುತ್ತದೆಂಬುದನ್ನು ನಕಾಶೆಯನ್ನು ಬಿಚ್ಚದೆಯೇ ತಿಳಿಯಬಹುದು. ಇಳಿಜಾರಿನಲ್ಲಿ ಮಾತ್ರ ಎಚ್ಚರಬೇಕು. ಎರಡು ಹೊಡೆತದ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಜೀವ. ಪೆಟ್ರೋಲನ್ನು ಪೂರ್ತಿ ತಡೆದು ಉದ್ದ ಇಳಿಜಾರನ್ನು ಇಳಿದರೆ ಎಣ್ಣೆಯೂ ತಡೆಯುತ್ತದೆ, ಪಿಸ್ಟನ್ನು ಒಣಗುತ್ತದೆ. ಆದುದರಿಂದ ನಡುನಡುವೆ ತುಸು ಪೆಟ್ರೋಲು ಕೊಡಬೇಕು. ಇಂಥ ಸಣ್ಣಪುಟ್ಟ ವಿಧಿನಿಷೇಧಗಳನ್ನು ಪಾಲಿಸುವವನಿಗೆ ಯಂತ್ರವು ತನ್ನದೆನ್ನಿಸುತ್ತದೆ. ತಂಬೂರಿನ ಕೆರೆಯ ಏರಿಯ ಬಳಿ ಎಂಜಿನ್ನನ್ನು ಆರಿಸಿದಾಗ ಆವರಿಸುವ ನಿಶ್ಶಬ್ದವೂ, ಬಿಸಿಯಾದ ಲೋಹವು ತಣಿಯುವಾಗ ಮಾಡುವ ಟಿಕ್ ಟಿಕ್ ಸದ್ದೂ ಆ ಪ್ರಯಾಣದ ಭಾಗಗಳೇ.

ಇಷ್ಟು ಹೇಳಿದ ಮೇಲೆ ಇದರ ಎದುರು ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ಎಂಜಿನ್ನು ಹೊಗೆಯುಗುಳುತ್ತದೆ. ಸುಡಬೇಕಾದ ಎಣ್ಣೆಯಲ್ಲಿ ಒಂದು ಪಾಲು ಹಾಗೆಯೇ ಹೊರಬೀಳುತ್ತದೆ. ದಿನಂಪ್ರತಿ ಇದರಲ್ಲಿ ಹುಬ್ಬಳ್ಳಿಗೆ ಹೋಗಿಬರುವುದನ್ನು ಯಾರೂ ಸಮರ್ಥಿಸಲಾರರು. ನಾನು ಬಸ್ಸಿಗೇ ಹೋಗುತ್ತೇನೆ. ಬ್ರೇಕುಗಳ ವಿಷಯದಲ್ಲಿ ಮೌನವೇ ಲೇಸು.

ಕಾರಖಾನೆಯ ಅವಸಾನಕ್ಕೂ ಇವೇ ಸಂಗತಿಗಳು ಕಾರಣವಾದವು. ಮೂಲ ಸಂಸ್ಥೆಯೊಡನಿದ್ದ ಒಪ್ಪಂದ ಮುಗಿದ ಮೇಲೆ ೧೯೭೩ರಿಂದ ವಾಹನಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. ೧೯೭೮ರ ರೋಡ್‌ಕಿಂಗ್ ಹಲವರ ಕಣ್ಣಿನಲ್ಲಿ ಅದರ ಪರಮಾವಧಿ. ಆದರೆ ೧೯೮೪-೮೫ರ ಸುಮಾರಿಗೆ ಜಪಾನಿನ ಸಹಯೋಗದಿಂದ ನೂರು ಘನ ಸೆಂಟಿಮೀಟರಿನ ವಾಹನಗಳು ಬಂದವು. ಅವುಗಳಲ್ಲಿ ನಾಲ್ಕು ಹೊಡೆತದ ಹೀರೋ ಹೊಂಡಾ ಅತ್ಯಲ್ಪ ಪೆಟ್ರೋಲಿನಲ್ಲಿ ಅತಿ ದೂರ ಓಡುತ್ತಿತ್ತು. ಎಣ್ಣೆ ಬೆರೆಸುವ ಕಾಟವಿರಲಿಲ್ಲ. ತೊಂಬತ್ತರ ದಶಕದಲ್ಲಿ ಹೊಗೆಯ ನಿಯಮಗಳೂ ಬಿಗಿಯಾದವು. ೧೯೯೬ರಲ್ಲಿ ಮೈಸೂರಿನ ಕಾರಖಾನೆಯು ಮುಚ್ಚಿತು. ೨೦೧೮ರ ನವೆಂಬರಿನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಎಂಬ ಸಂಸ್ಥೆಯು ಜಾವಾ ಹೆಸರನ್ನೂ, ೨೦೨೨ರ ಜನವರಿಯಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ದಾರಿಗೆ ತಂದಿತು. ಈ ಹೊಸ ವಾಹನಗಳು ಹುಟ್ಟುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಎಂಜಿನ್ನು ನಾಲ್ಕು ಹೊಡೆತದ್ದು, ನೀರಿನಿಂದ ತಣಿಯುವಂಥದು.

ಹಳೆಯ ರೂಪದ ಹೊಸ ವಾಹನವನ್ನು ಹೀಗಳೆಯುವುದು ಹಳೆಯ ವಾಹನದ ಒಡೆಯರಲ್ಲಿ ಒಂದು ಚಾಳಿಯಾಗಿದೆ. ಅದು ನನಗೆ ಸರಿಕಾಣುವುದಿಲ್ಲ. ನಮ್ಮ ಮಿತ್ರರೊಬ್ಬರ ಹೊಸ ಜಾವಾದಲ್ಲಿ ಯಲ್ಲಾಪುರದವರೆಗೆ ಹೋಗಿಬಂದಿದ್ದೇನೆ. ಸುಖವಾಗಿಯೇ ಇತ್ತು, ದಾರಿ ಅದೇ, ಗಾಳಿ ಅದೇ. ಹಳೆಯದರಲ್ಲಿದ್ದಂತೆಯೇ ಇದರಲ್ಲಿಯೂ ಎರಡು ಪಕ್ಕಕ್ಕೆ ಎರಡು ಸೈಲೆನ್ಸರುಗಳಿವೆ, ಟಾಂಕಿಯ ಮೇಲೆ ಅದೇ ಕಡುಗೆಂಪು ಬಣ್ಣವಿದೆ. ವ್ಯತ್ಯಾಸವು ಕೆಟ್ಟು ನಿಂತಾಗ ತಿಳಿಯುತ್ತದೆ. ಹೊಸದು ಕೆಟ್ಟರೆ ಫೋನು ಮಾಡಬೇಕು. ಹಳೆಯದು ಕೆಟ್ಟರೆ ಪಾನಾ ಹಿಡಿದು ಕುಳಿತುಕೊಳ್ಳಬೇಕು. ಹತ್ತಕ್ಕೆ ಎಂಟು ಸಲ ಪ್ಲಗ್ಗೋ ಪಾಯಿಂಟೋ ಕಾರ್ಬುರೇಟರಿನ ಜೆಟ್ಟೋ ಕಾರಣವಾಗಿರುತ್ತದೆ. ಅಷ್ಟರಲ್ಲಿ ಊರ ನಾಲ್ಕು ಜನ ಕೂಡುತ್ತಾರೆ. ಅವರಲ್ಲಿ ಒಬ್ಬನ ತಂದೆಯ ಬಳಿ ಇಂಥದೇ ಗಾಡಿ ಇದ್ದಿರುತ್ತದೆ. ನಾನು ನೋಡಬೇಕೆಂದಿದ್ದ ವೀರಗಲ್ಲು ಈಗ ಯಾರ ಕಣದಲ್ಲಿದೆಯೆಂಬುದು ಆ ಮಾತಿನ ಓಘದಲ್ಲಿಯೇ ಹೊರಬರುತ್ತದೆ. ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ವಾಲ್ಟರ್ ಈಲಿಯಟ್ ಈ ಸೀಮೆಯ ಐದುನೂರಕ್ಕೂ ಹೆಚ್ಚು ಶಾಸನಗಳ ಪ್ರತಿಗಳನ್ನು ಮಾಡಿಸಿದಾಗ, ತರುವಾಯ ಫ್ಲೀಟ್ ಇದೇ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಬರೆದಾಗ, ಕುದುರೆ ಮತ್ತು ಎತ್ತಿನ ಗಾಡಿಗಳ ಕಾಲ. ಆ ವಾಹನಗಳೂ ಊರೂರಿಗೆ ನಿಲ್ಲುತ್ತಿದ್ದವು.

ಈಗ ಲೇಖನದ ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಬರುತ್ತೇನೆ. ಯಾದವಗಿರಿಯ ಕಾರಖಾನೆ ಮುಚ್ಚಿ ಇಷ್ಟು ವರ್ಷಗಳಾದರೂ ಅದರ ವಾಹನಗಳು ಓಡುತ್ತಿವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ರವಿವಾರ ಬೆಂಗಳೂರು, ಮೈಸೂರುಗಳಲ್ಲಿ ಅವುಗಳ ಒಡೆಯರು ಕೂಡಿ ಮೆರವಣಿಗೆ ಮಾಡುತ್ತಾರೆ. ಬಣ್ಣ, ನಿಕ್ಕಲು ಎಲ್ಲವೂ ಥಳಥಳಿಸುತ್ತಿರುತ್ತವೆ. ಆದರೆ ಅವು ಓಡುತ್ತಿರುವುದು ಬಣ್ಣದ ಬಲದಿಂದಲ್ಲ. ಊರೂರಿನ ಮಿಸ್ತ್ರಿಗಳ ಬಲದಿಂದ. ನನ್ನ ವಾಹನವನ್ನು ನೋಡಿಕೊಳ್ಳುವವರು ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಗ್ಯಾರೇಜು ಇಟ್ಟಿರುವ ವೃದ್ಧರು. ಓಣಿಯವರೆಲ್ಲ ಅವರನ್ನು ಚಾಚಾ ಎನ್ನುತ್ತಾರೆ, ನಾನೂ ಹಾಗೆಯೇ ಅನ್ನುತ್ತೇನೆ. ಕಿಡಿ ಯಾವ ಕ್ಷಣಕ್ಕೆ ಹಾರಬೇಕೆಂಬುದನ್ನು ಅವರು ಸಿಗರೇಟಿನ ತೆಳು ಕಾಗದದ ಒಂದು ಚೂರಿನಿಂದ ಗೊತ್ತುಮಾಡುತ್ತಾರೆ. ಆ ಚೂರನ್ನು ಪಾಯಿಂಟುಗಳ ನಡುವೆ ಸಿಕ್ಕಿಸಿ, ಒಂದು ಕೈಯಿಂದ ಮೆಲ್ಲಗೆ ಜಗ್ಗುತ್ತ, ಇನ್ನೊಂದು ಕೈಯಿಂದ ಎಂಜಿನ್ನನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಕಾಗದ ಸಡಿಲಾದ ಕ್ಷಣವೇ ಪಾಯಿಂಟು ತೆರೆದ ಕ್ಷಣ. ಎರಡು ಸೈಲೆನ್ಸರುಗಳ ಹೊಗೆಯಲ್ಲಿ ಹೆಚ್ಚುಕಡಿಮೆಯಿದ್ದರೆ ಯಾವುದರಲ್ಲಿ ಮಸಿ ಕಟ್ಟಿದೆಯೆಂದು ಅಂಗೈ ಹಿಡಿದು ಹೇಳುತ್ತಾರೆ.

ಈ ಭಾಗದಲ್ಲಿ ಜಾವಾ, ಯೆಜ್ಡಿಗಳನ್ನು ಯಾರು ಕೊಂಡರು, ಯಾವ ಊರಿನವರು, ಏತಕ್ಕೆ ಬಳಸಿದರು ಎಂಬುದನ್ನು ನಾನು ಅವರಿಂದ ತಿಳಿಯಬಯಸಿದೆನು. ಗ್ರಾಮಸೇವಕರು, ಸಾಲಿ ಮಾಸ್ತರರು, ಹತ್ತಿಯ ದಲಾಲರು, ದನದ ಡಾಕ್ಟರರು ಹೀಗೆ ಹೇಳುತ್ತ ಹೋದರು. ಕಲಘಟಗಿಯಿಂದ ಬಣ್ಣದ ತೊಟ್ಟಿಲನ್ನು ಬಿಡಿಬಿಡಿಯಾಗಿ ಕಟ್ಟಿಕೊಂಡು ತಂದವನೊಬ್ಬನ ಕಥೆಯನ್ನೂ ಹೇಳಿದರು. ಇದನ್ನೆಲ್ಲ ಬರೆದಿಟ್ಟಿದ್ದೀರಾ ಎಂದು ಕೇಳಿದೆ. ಬರೆದಿಟ್ಟಿದ್ದರಂತೆ. ಗ್ಯಾರೇಜು ತೆರೆದಂದಿನಿಂದ ಬಂದ ಪ್ರತಿಯೊಂದು ಗಾಡಿಯ ನಂಬರು, ಒಡೆಯನ ಹೆಸರು, ಊರು, ಕೆಲಸ, ಕೂಲಿ ಇವನ್ನು ಉದ್ದನೆಯ ವಹಿಗಳಲ್ಲಿ ನಮೂದಿಸುತ್ತಿದ್ದರು. ನಾನು ಎದ್ದುನಿಂತೆ.

"ಅವು ಎಲ್ಲಾ ರದ್ದಿಗೆ ಹಾಕೇನ್ರಿ ಸರ, ಮನಿ ಸುಣ್ಣ ಹಚ್ಚುವಾಗ" ಎಂದರು. "ಅದರಾಗ ಏನಿತ್ರಿ? ಬರೇ ಹೆಸರು, ಊರು, ರೊಕ್ಕ."

ಹೆಸರು, ಊರು, ರೊಕ್ಕ. ದೇವಾಲಯದ ಗೋಡೆಯ ಮೇಲಿನ ದಾನಶಾಸನದಲ್ಲಿ ನಾವು ಹುಡುಕುವುದೂ ಇವನ್ನೇ. ಅವು ಒಂಬತ್ತು ನೂರು ವರ್ಷ ಬಾಳಿರುವುದು ಕಲ್ಲಿನ ಮೇಲಿದ್ದುದರಿಂದ. ಸುಣ್ಣ ಹಚ್ಚಿಸಿ ಎಷ್ಟು ದಿನವಾಯಿತೆಂದು ಕೇಳಿದೆ. ಎರಡು ದೀಪಾವಳಿಯ ಹಿಂದೆ ಎಂದರು. ಆ ಓಣಿಯಲ್ಲಿ ನಾನು ಅದಾಗಲೇ ನಾಲ್ಕು ವರ್ಷಗಳಿಂದ ಓಡಾಡುತ್ತಿದ್ದೆ. ಗ್ಯಾರೇಜಿನ ಬಾಕಿನ ಮೇಲೆ ಕುಳಿತು ಚಹ ಕುಡಿದಿದ್ದೆ, ಆ ವಹಿಗಳಿದ್ದ ಕಪಾಟಿಗೆ ಬೆನ್ನು ಕೊಟ್ಟು.

ಈಗ ತಿಂಗಳಿಗೆ ಎರಡು ರವಿವಾರ ಅಲ್ಲಿಗೆ ಹೋಗಿ ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೇನೆ. ಹೆಸರುಗಳು ಎಷ್ಟೋ ಮರೆತಿವೆ. ಊರುಗಳು ನೆನಪಿನಲ್ಲಿವೆ, ಏಕೆಂದರೆ ಆ ಊರುಗಳ ಮಣ್ಣು ಗಾಡಿಗಳಿಗೆ ಮೆತ್ತಿಕೊಂಡು ಬರುತ್ತಿತ್ತು. ಅವರ ಬಲಗಿವಿ ಮಂದವಾಗಿದೆ. ಎಂಜಿನ್ನಿನ ದನಿಗೆ ಎಡಗಿವಿಯನ್ನು ಒಡ್ಡುತ್ತಾರೆ. ಪಾಯಿಂಟು, ಕಾರ್ಬುರೇಟರು, ಕ್ಲಚ್ಚುಗಳ ಕೆಲಸದ ಕ್ರಮವನ್ನು ಬರೆದು ಮುಗಿಸಿದ್ದೇನೆ. ಉಳಿದಿರುವುದು ಕ್ರ್ಯಾಂಕಿನದು. ಅದನ್ನು ಬಾಯಿಂದ ಹೇಳಲು ಬರುವುದಿಲ್ಲವಂತೆ. ದಸರೆಯಾದ ಮೇಲೆ ನನ್ನದೇ ಎಂಜಿನ್ನನ್ನು ಬಿಚ್ಚೋಣವೆಂದಿದ್ದಾರೆ. ಬರುವಾಗ ವಹಿಯ ಜೊತೆಗೆ ಒಂದು ಹಳೆಯ ಅಂಗಿಯನ್ನೂ ತರಬೇಕೆಂದು ಹೇಳಿ ಕಳಿಸಿದ್ದಾರೆ.